ಅಂಜುಬುರುಕನ ಕ್ಲಚ್ಚು

ನನ್ನ ದೇಹದಲ್ಲಿ ಎಲ್ಲಕ್ಕಿಂತ ಮೊದಲು ಹೆದರುವುದು ಮೂಗು. ಕಣ್ಣು ಕಂಡ ಮೇಲೆ ಹೆದರುತ್ತದೆ, ಕಿವಿ ಕೇಳಿದ ಮೇಲೆ. ಮೂಗಿಗೆ ಅಷ್ಟು ತಾಳ್ಮೆ ಇಲ್ಲ. ಪಕ್ಕದ ಮನೆಯಲ್ಲಿ ಹಾಲು ಸೀದರೆ ನಾನು ಎದ್ದುಹೋಗಿ ನಮ್ಮ ಮನೆಯ ಗ್ಯಾಸ್ ಸಿಲಿಂಡರಿನ ಗುಂಡಿ ತಿರುವಿ ಬರುತ್ತೇನೆ. ಸಂಕ್ರಾಂತಿಯ ಮುನ್ನಾದಿನ ಭೋಗಿಯ ಬೆಳಗ್ಗೆ ತೆಲುಗು ನೆರೆಯವರು ಬೀದಿಯಲ್ಲಿ ಹಳೆಯ ಕುರ್ಚಿ, ಮುರುಕು ಮಂಚ ಸುಟ್ಟು ಹಬ್ಬ ಮಾಡುವಾಗ ನಾನು ಒಳಗೆ ಮೇನ್ ಸ್ವಿಚ್ ಆರಿಸಿ ಅದರ ಪಕ್ಕದಲ್ಲೇ ನಿಂತಿರುತ್ತೇನೆ. ಊದಿನಕಡ್ಡಿಯ ಕಂಪೆನಿ ಬದಲಾದರೂ ನಮ್ಮ ಮನೆಯಲ್ಲಿ ನನಗೆ ಮುಂಚಿತವಾಗಿ ತಿಳಿಸುವ ಪದ್ಧತಿ ಇದೆ.

ಹೀಗಾಗಿ ಆ ಸಂಜೆ ಹೈದರಾಬಾದಿನ ಬೇಗಂಪೇಟೆಯ ಮೇಲ್ಸೇತುವೆ ಹತ್ತುವಾಗ ಕಾರಿನೊಳಗೆ ಏನೋ ಸುಟ್ಟ ವಾಸನೆ ಬಂದದ್ದು ಮೊದಲು ನನಗೇ ಗೊತ್ತಾಯಿತು. ಅದು ರಬ್ಬರಿನದಲ್ಲ, ವೈರಿನದಲ್ಲ. ನನಗೆ ಪರಿಚಯವಿಲ್ಲದ ವಾಸನೆ, ಅಂದರೆ ಇನ್ನೂ ಕೆಟ್ಟದ್ದು.

"ವಸುಧಾ, ಏನೋ ಸುಡಾಕತ್ತೈತಿ" ಎಂದೆ.

ಕಾರು ನಡೆಸುತ್ತಿದ್ದವಳು ನನ್ನ ಹೆಂಡತಿ ವಸುಧಾ. "ಹೊರಗಿಂದು ಇರ್ತೈತ್ರಿ. ಸುಮ್ನ ಕೂಡ್ರಿ" ಎಂದಳು. ಎಂದು, ವೇಗ ಹೆಚ್ಚಿಸಲು ಆಕ್ಸಿಲರೇಟರ್ ಒತ್ತಿದಳು. ಇಂಜಿನ್ನು ಕೂಗಿತು. ಕಾರು ಮಾತ್ರ ಮುಂದಕ್ಕೆ ಹೋಗಲಿಲ್ಲ. ಆ ಕೂಗಿಗೂ ಚಕ್ರಗಳಿಗೂ ಸಂಬಂಧವೇ ಕಡಿದುಹೋದಂತೆ ಏರಿನ ನಡುವೆ ತೆವಳತೊಡಗಿದೆವು. ಹಿಂದೆ ಸಿಮೆಂಟು ಲಾರಿಯೊಂದು ಬೊಬ್ಬೆ ಹೊಡೆಯುತ್ತಿತ್ತು. ನನ್ನ ಬಲಗಾಲು, ಬ್ರೇಕು ಇಲ್ಲದ ನನ್ನ ಕಡೆಯ ನೆಲವನ್ನು ಒತ್ತಿ ಹಿಡಿದಿತ್ತು. ಇದು ಅದರ ಹಳೆಯ ಚಾಳಿ. ಏರಿನಲ್ಲಿ ಬ್ರೇಕು ಒತ್ತಿ ಏನುಪಯೋಗ ಎಂದು ಅದಕ್ಕೆ ತಿಳಿಯದು. ವಸುಧಾ ಗೇರು ಇಳಿಸಿ, ಕಾಲು ಹಗುರ ಮಾಡಿ, ಹೇಗೋ ಸೇತುವೆ ದಾಟಿಸಿದಳು. ದಾಟಿದ ಮೇಲೆ ನೋಡಿದರೆ ನಾನು ಉಸಿರು ಬಿಟ್ಟೇ ಇರಲಿಲ್ಲ.

ಇಂಥ ಅಂಜುಬುರುಕ ಇಂಥ ಕಾರಿನಲ್ಲಿ ಹೇಗೆ ಬಂದು ಕುಳಿತ ಎಂದು ನೀವು ಕೇಳಬೇಕು. ಕೇಳಿದವರು ಬಹಳ ಜನ.

ಮೊದಲು ನನ್ನ ಅಂಜಿಕೆಯ ಜಾತಕ ಹೇಳುತ್ತೇನೆ. ನಾನು ಕೆಲಸ ಮಾಡಿದ್ದು ಕುಷಾಯಿಗೂಡದ ಪಕ್ಕದ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ. ನಮ್ಮಲ್ಲಿ ತಯಾರಾದ ಯಂತ್ರಗಳು ಹೋಗಿ ಕೂರುತ್ತಿದ್ದದ್ದು ಯಾರೂ ಹತ್ತಿರ ಹೋಗಿ ರಿಪೇರಿ ಮಾಡಲಾಗದ ಜಾಗಗಳಲ್ಲಿ. ಆದ್ದರಿಂದ ನಮ್ಮಲ್ಲಿ ಒಂದು ನಿಯಮವಿತ್ತು: ಹತ್ತು ಹೊರಬಲ್ಲ ಬಿಡಿಭಾಗದಿಂದ ಐದನ್ನೇ ಹೊರಿಸು. ಐದು ಹೊರಬೇಕಾದ ಜಾಗಕ್ಕೆ ಹತ್ತು ಹೊರುವುದನ್ನೇ ಆರಿಸು. ಇದಕ್ಕೆ ನಾವು ಅರ್ಧ ಹೊರೆಯ ನಿಯಮ ಎನ್ನುತ್ತಿದ್ದೆವು. ಬೇರೆ ಕಡೆ ಕೆಲಸಕ್ಕೆ ಸೇರಿದ್ದರೆ ನನ್ನನ್ನು ಪುಕ್ಕಲ ಎಂದು ಕರೆದು ಮೂಲೆಗೆ ಕೂರಿಸುತ್ತಿದ್ದರು. ಸರಕಾರ ಮಾತ್ರ ನನ್ನ ಅಂಜಿಕೆಗೆ ಸಂಬಳ ಕೊಟ್ಟು, ನಡುನಡುವೆ ಬಡ್ತಿಯನ್ನೂ ಕೊಟ್ಟಿತು.

ಆಫೀಸಿನ ಗುಣ ಮನೆಗೂ ಬಂತು. ನಮ್ಮ ಬಟ್ಟೆ ಒಣಗಿಸುವ ಹಗ್ಗ ಲಾರಿಯವರು ಮೂಟೆ ಬಿಗಿಯುವ ಹಗ್ಗ. ಅದರ ಮೇಲೆ ನನ್ನ ಎರಡು ಬನಿಯನ್ನು ತೂಗಾಡುತ್ತಿರುವುದನ್ನು ನೋಡಿ ಕಲಬುರಗಿಯಿಂದ ಬಂದ ನೆಂಟರು, "ಇದರಾಗ ಎಮ್ಮಿ ಕಟ್ಟಬಹುದಲ್ಲೋ" ಎಂದಿದ್ದರು. ನಾಗರ ಪಂಚಮಿ ಬಂದರೆ ನಮ್ಮ ಕಡೆ ಮನೆಮನೆಗೂ ಜೋಕಾಲಿ ಕಟ್ಟುವುದುಂಟು. ನಮ್ಮ ಮನೆಯ ಜೋಕಾಲಿಯಲ್ಲಿ ಮೊದಲು ಕೂರುವುದು ಅಕ್ಕಿ ಚೀಲ, ಅದರ ಮೇಲೆ ಗೋಧಿ ಚೀಲ. ಅವೆರಡೂ ಸುಖವಾಗಿ ಜೀಕಿದ ಮೇಲೆಯೇ ಹೆಂಗಸರಿಗೆ ಅಪ್ಪಣೆ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫ್ಯೂಸು ಹೋದಾಗ ಕೆಲವರು ತೆಳು ತಂತಿಯ ಬದಲು ದಪ್ಪ ತಾಮ್ರದ ತಂತಿ ಸುತ್ತುತ್ತಿದ್ದರು, ಮತ್ತೆ ಹೋಗಬಾರದು ಎಂದು. ನಾನು ಮನೆಮನೆಗೆ ಹೋಗಿ ಇದರ ವಿರುದ್ಧ ಭಾಷಣ ಮಾಡಿದ್ದೇನೆ. ಫ್ಯೂಸು ಇರುವುದೇ ಸಾಯಲಿಕ್ಕೆ, ಅದು ಸತ್ತರೆ ಮನೆ ಉಳಿಯುತ್ತದೆ, ಅದನ್ನು ಗಟ್ಟಿ ಮಾಡಿದರೆ ಸುಡುವುದು ಗೋಡೆಯೊಳಗಿನ ವೈರು ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಹೇಳಿದ್ದೇನೆ. ನನ್ನನ್ನು ಕಂಡರೆ ಕೆಲವರು ಲಿಫ್ಟು ಬಿಟ್ಟು ಮೆಟ್ಟಿಲಲ್ಲಿ ಇಳಿದುಹೋಗುತ್ತಿದ್ದರು.

ಇನ್ನು ಕಾರು. ಅದು ಬಂದದ್ದು ವಸುಧಾಳ ತವರಿನಿಂದ. ಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಉಂಡಿ ಕಟ್ಟಿಸಿಕೊಂಡು ಬಂದು ಅಕ್ಕತಂಗಿಯರನ್ನು ಕರೆಯಬೇಕು, ಕೈಯಲ್ಲಿ ಸೀರೆಯೋ ಕುಪ್ಪಸದ ಖಣವೋ ಇರಬೇಕು. ವಸುಧಾಳ ತಮ್ಮ ಗುರುರಾಜ ಕೊಂಡಾಪುರದಲ್ಲಿರುವವನು. ಅವನಿಗೆ ಕಾರೆಂದರೆ ಪ್ರಾಣ. ಆ ವರ್ಷ ಅವನಿಗೆ ಅವಳಿ ಮಕ್ಕಳಾಗಿ, ದೊಡ್ಡ ಗಾಡಿ ಕೊಂಡು, ಹಳೆಯದನ್ನು ಏನು ಮಾಡುವುದೆಂದು ಯೋಚಿಸುತ್ತಿದ್ದ. ಪಂಚಮಿಯ ದಿನ ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟಿನ ಡಬ್ಬಿ ತಂದು ಅಕ್ಕನ ಮುಂದಿಟ್ಟ. ಡಬ್ಬಿಯ ಮೇಲೆ ಕಾರಿನ ಕೀಲಿ ಇತ್ತು.

ಬೇರೆಯವರ ಹೆಂಡಂದಿರಿಗೆ ತವರಿನಿಂದ ಇಳಕಲ್ ಸೀರೆ ಬರುತ್ತದೆ. ನನ್ನ ಹೆಂಡತಿಗೆ ಕುದುರೆ ಲಾಯ ಬಂತು. ಆ ಡೀಸೆಲ್ ಕಾರಿಗೆ ಕಾರ್ಖಾನೆಯವರು ಕೊಟ್ಟ ಅಶ್ವಶಕ್ತಿಯ ಕುದುರೆಗಳೇ ಸಾಕಷ್ಟಿದ್ದವು. ಗುರುರಾಜ ಇಂಜಿನ್ನಿನ ಕಂಪ್ಯೂಟರನ್ನು ಯಾರಿಂದಲೋ ತಿದ್ದಿಸಿ ಅದರ ಅರ್ಧದಷ್ಟು ಕುದುರೆಗಳನ್ನು ಮತ್ತೆ ಸೇರಿಸಿದ್ದ. ನೋಡಲು ಮಾತ್ರ ಬೂದಿ ಬಣ್ಣದ ಸಾಧು ಕಾರು. ಸೀರೆ ಇಷ್ಟವಾಗದಿದ್ದರೆ ಪೆಟ್ಟಿಗೆಯ ತಳಕ್ಕೆ ಹಾಕಬಹುದು. ತವರಿನ ಕಾರನ್ನು ಮಾರು ಎಂದು ಯಾವ ಗಂಡ ಹೇಳಿಯಾನು? ನಾನು ಉಂಡಿ ತಿಂದು ಸುಮ್ಮನಾದೆ.

ವಸುಧಾ ದಿನಾಲೂ ಕುಷಾಯಿಗೂಡದಿಂದ ಗಚ್ಚಿಬೌಲಿಗೆ ಹೋಗುವವಳು. ಅಲ್ಲಿನ ಒಂದು ಕಂಪೆನಿಯ ಲೆಕ್ಕಪತ್ರ ವಿಭಾಗದಲ್ಲಿ ಅವಳ ಕೆಲಸ. ಅಂದರೆ ಇಡೀ ಹೈದರಾಬಾದನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ದಾಟಬೇಕು. ಅದುವರೆಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದವಳು ಕಾರು ಬಂದ ಮೇಲೆ ಒಂದು ಥರ ಹಿಗ್ಗಿದಳು. ಅವಳಿಗೆ ವೇಗದ ಹುಚ್ಚಿಲ್ಲ, ಇದನ್ನು ನಾನು ಒಪ್ಪಬೇಕು. ಆದರೆ ಕಾಲು ಸ್ವಲ್ಪ ಊರಿದರೆ ಕಾರು ಮುಂದಕ್ಕೆ ಹಾರುವುದನ್ನು ಅನುಭವಿಸಿ ತುಟಿಯಂಚಿನಲ್ಲಿ ನಗುತ್ತಿದ್ದಳು. ಬಸ್ಸಿನಲ್ಲಿ ಇಷ್ಟು ವರ್ಷ ಕಂಬ ಹಿಡಿದು ನಿಂತವಳ ನಗು ಅದು. ಅದನ್ನು ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ. ಧೈರ್ಯ ಯಾವುದಕ್ಕೂ ಇರಲಿಲ್ಲವೆನ್ನಿ.

ರಾಜ್ಯ ಒಡೆಯಬೇಕು, ಒಡೆಯಬಾರದು ಎಂದು ಊರೆಲ್ಲ ಕಾದು ಕೂತಿದ್ದ ವರ್ಷಗಳವು. ಬೆಳಗ್ಗೆ ಬಂದ್ ಇಲ್ಲ ಎಂದು ಹೊರಟವರಿಗೆ ಮಧ್ಯಾಹ್ನ ಬಂದ್ ಆಗುತ್ತಿತ್ತು. ಗಚ್ಚಿಬೌಲಿಯಿಂದ ಅವಳು ಹೊರಟೆ ಎಂದು ಫೋನು ಮಾಡಿದ ಗಳಿಗೆಯಿಂದ ಗೇಟಿನಲ್ಲಿ ಹಾರ್ನು ಕೇಳುವವರೆಗೆ ನಾನು ಬಾಲ್ಕನಿಯಲ್ಲಿ ನಿಂತಿರುತ್ತಿದ್ದೆ. ಈಗ ಆ ಕಾರು ಏರಿನಲ್ಲಿ ಕೈಕೊಟ್ಟಿತ್ತು. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು.

ನಮ್ಮ ಚೌರಸ್ತಾದ ಆಚೆ ಖಲೀಲ್ ಭಾಯಿಯ ಗ್ಯಾರೇಜಿದೆ. ಆತ ಕಾರನ್ನು ಒಂದು ಸುತ್ತು ಓಡಿಸಿ ಬಂದು, "ಕ್ಲಚ್ ಫಿಸಲ್ ರಹಾ ಸಾಬ್" ಎಂದ, ಕ್ಲಚ್ಚು ಜಾರುತ್ತಿದೆ ಎಂದು. ಕುದುರೆಗಳನ್ನು ಹೆಚ್ಚಿಸಿದ ಗುರುರಾಜ ಅವುಗಳನ್ನು ಹಿಡಿಯುವ ಕ್ಲಚ್ಚನ್ನು ಹಳೆಯದೇ ಬಿಟ್ಟಿದ್ದ. ಫೋನು ಮಾಡಿ ಕೇಳಿದರೆ, "ಹೌದ ಭಾವಾರ, ಒಂದಿಲ್ಲೊಂದು ದಿನ ಬದಲಿ ಮಾಡಬೇಕಿತ್ತು" ಎಂದ, ಚಹಾಕ್ಕೆ ಹಾಲು ಕಡಿಮೆ ಬಿತ್ತು ಎನ್ನುವಷ್ಟು ಸಮಾಧಾನದಿಂದ.

ಕ್ಲಚ್ಚು ಎಂದರೇನು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಪಂಚಮಿಯಲ್ಲಿ ಹುಡುಗಿಯರು ಫುಗಡಿ ಆಡುವುದನ್ನು ನೋಡಿದ್ದೀರಿ. ಇಬ್ಬರು ಎದುರುಬದುರು ನಿಂತು, ಕೈ ಅಡ್ಡಡ್ಡ ಹಿಡಿದು, ಹಿಂದಕ್ಕೆ ಬಾಗಿ ಗಿರಗಿರ ತಿರುಗುತ್ತಾರೆ. ಅಲ್ಲಿ ಕೈಯ ಹಿಡಿತ ಮಾಡುವ ಕೆಲಸವನ್ನು ಕಾರಿನಲ್ಲಿ ಕ್ಲಚ್ಚು ಮಾಡುತ್ತದೆ. ಒಂದು ಕಡೆ ತಿರುಗುವ ಇಂಜಿನ್ನು, ಇನ್ನೊಂದು ಕಡೆ ತಿರುಗಬೇಕಾದ ಚಕ್ರ, ನಡುವೆ ಒಂದನ್ನೊಂದು ಅಮುಕಿ ಹಿಡಿದ ಎರಡು ತಟ್ಟೆ. ಎಡಗಾಲಿನಿಂದ ಪೆಡಲು ಒತ್ತಿದರೆ ಕೈ ಬಿಡುತ್ತವೆ, ಕಾಲು ತೆಗೆದರೆ ಹಿಡಿಯುತ್ತವೆ. ಕೈ ಬೆವತರೆ ಹಿಡಿತ ಜಾರಿ ಒಬ್ಬಳು ಹೋಗಿ ಗೋಡೆಗೆ ಬಡಿಯುತ್ತಾಳೆ. ಅಷ್ಟನ್ನು ನಾನು ಬಲ್ಲೆ. ಹಿಡಿತ ಅತಿಯಾದರೂ ಮಣಿಕಟ್ಟು ಉಳುಕುತ್ತದೆ ಎಂಬುದನ್ನು ಆಗ ನೆನೆಯಲಿಲ್ಲ.

ಖಲೀಲ್ ಭಾಯಿ ಮೂರು ಥರದ್ದು ಸಿಗುತ್ತದೆ ಎಂದ. ಕಾರ್ಖಾನೆಯದೇ ಹೊಸದು ಹಾಕಿಸಬಹುದು. ಈ ಕುದುರೆಗಳಿಗೆ ಅದು ಕೆಲವು ತಿಂಗಳಿಗೆ ಮತ್ತೆ ಸವೆದೀತು. ಎರಡನೆಯದು, ತಟ್ಟೆ ಮೊದಲಿನ ಜಾತಿಯದೇ, ಅಮುಕುವ ಸ್ಪ್ರಿಂಗು ಸ್ವಲ್ಪ ಗಟ್ಟಿ. ಕಾರಿಗೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊರುತ್ತದೆ. ಮೂರನೆಯದು ರೇಸಿನ ಹುಡುಗರು ಹಾಕಿಸುವಂಥದ್ದು. ಅದರ ತಟ್ಟೆಗೆ ಮೆತ್ತನೆಯ ಹೊದಿಕೆಯ ಬದಲು ಲೋಹದ ಬಿಲ್ಲೆಗಳು, ಸ್ಪ್ರಿಂಗು ಕಲ್ಲಿನಷ್ಟು ಬಿರುಸು. ನಮ್ಮ ಕಾರಿನ ಶಕ್ತಿಗೆ ಎರಡು ಪಟ್ಟು ಬಂದರೂ ತಡೆಯುತ್ತದೆ. "ಯೇ ಡಾಲೇ ತೋ ಜಿಂದಗೀ ಭರ್ ಫಿಸಲ್ತಾ ನೈ" ಎಂದ ಖಲೀಲ್ ಭಾಯಿ. ಜೀವಮಾನದಲ್ಲಿ ಜಾರುವುದಿಲ್ಲವಂತೆ.

ಎರಡು ಪಟ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಮೂವತ್ತು ವರ್ಷದ ನೌಕರಿ ಎದುರು ಬಂದು ನಿಂತಂತಾಯಿತು. ಹತ್ತು ಹೊರುವವನಿಗೆ ಐದು. ಇದು ನಮ್ಮದೇ ನಿಯಮ.

ಆದರೂ ಒಂದು ವಾರ ಕ್ಯಾಂಟೀನಿನ ಊಟದ ಹೊತ್ತಿನಲ್ಲಿ ಕಾರಿನ ಹುಚ್ಚರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನೆಲ್ಲ ಓದಿದೆ. ಅಂಜುಬುರುಕ ಓದಬಾರದ ಸಾಹಿತ್ಯ ಯಾವುದಾದರೂ ಇದ್ದರೆ ಅದು ಇದು. ಒಬ್ಬನ ಕ್ಲಚ್ಚು ಘಾಟಿನಲ್ಲಿ ಹೊಗೆಯಾಡಿತ್ತು. ಇನ್ನೊಬ್ಬನದು ರೈಲು ಹಳಿಯ ಮೇಲೆ ನಿಂತಾಗ ಕೈಕೊಟ್ಟಿತ್ತು. ಆಮೇಲೆ ಏನಾಯಿತೆಂದು ಅವನು ಬರೆದಿರಲಿಲ್ಲ, ಅದನ್ನು ನಾನೇ ದಿನವಿಡೀ ಪೂರ್ತಿ ಮಾಡಿಕೊಂಡೆ. ಹೊರವರ್ತುಲ ರಸ್ತೆಯಲ್ಲಿ, ಹಿಂದೆ ಲಾರಿ ಇರುವಾಗ, ಸಂಜೆಗತ್ತಲಲ್ಲಿ, ವಸುಧಾ ಕಾಲೂರುತ್ತಾಳೆ, ಇಂಜಿನ್ನು ಕೂಗುತ್ತದೆ, ಕಾರು ನಿಂತಲ್ಲೇ ನಿಲ್ಲುತ್ತದೆ. ಅನ್ನ ಕಲಸಿದ ಕೈ ಹಾಗೆಯೇ ಒಣಗುತ್ತಿತ್ತು.

ಮನೆಯಲ್ಲಿ ವಸುಧಾಳನ್ನು ಕೇಳಿದೆ, ಕೇಳಲಿಲ್ಲವೆಂದಲ್ಲ. ರೊಟ್ಟಿ ಬಡಿಯುತ್ತ ಅವಳೆಂದಳು: "ಯಾವುದರ ಹಾಕಸ್ರಿ. ಪೆಡಲ್ ಒಂಚೂರು ಹಗರ ಇದ್ರ ಸಾಕು."

"ಯಾಕ?" ಎಂದೆ.

"ಏನಿಲ್ಲ, ಸುಮ್ನ ಹೇಳಿದೆ."

ಅದನ್ನು ನಾನೂ ಸುಮ್ಮನೆ ಕೇಳಿಸಿಕೊಂಡೆ. ಪೆಡಲಿನ ಹಗುರಕ್ಕೂ ಪ್ರಾಣಕ್ಕೂ ತಕ್ಕಡಿ ಹಿಡಿದರೆ ಯಾವುದು ಹೆಚ್ಚು? ಮರುದಿನ ಹೋಗಿ ಮೂರನೆಯದನ್ನೇ ಹಾಕಿಸಿದೆ. ನನಗೆ ಓಡಿಸಲು ಬಾರದ್ದರಿಂದ ಕಾರು ಒಯ್ಯಲು ವಸುಧಾಳೂ ಬಂದಳು. ಗ್ಯಾರೇಜಿನಿಂದ ಹೊರಡುವಾಗ ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟೆ. ಐದನೆಯದನ್ನು ಸ್ಟೆಪ್ನಿಯ ಹತ್ತಿರ ಇಡಲು ಹೋದಾಗ ಖಲೀಲ್ ಭಾಯಿ ಬೇರೆ ಕಡೆ ನೋಡಿದ.

ಆ ಕ್ಲಚ್ಚಿನ ಗುಣ ಮೊದಲ ಸಿಗ್ನಲ್ಲಿನಲ್ಲೇ ತಿಳಿಯಿತು. ಅದು ಬಿಟ್ಟರೆ ಪೂರ್ತಿ ಬಿಡುತ್ತದೆ, ಹಿಡಿದರೆ ಪೂರ್ತಿ ಹಿಡಿಯುತ್ತದೆ. ನಡುವೆ ಮಾತುಕತೆ ಇಲ್ಲ. ವಸುಧಾ ಕಾಲು ತೆಗೆದದ್ದೇ ಕಾರು ಒಮ್ಮೆ ಧಡಕ್ಕೆಂದು ನೆಗೆದು ನಿಂತುಬಿಟ್ಟಿತು. ಮತ್ತೆ ಚಾಲೂ ಮಾಡಿದರೆ ಮತ್ತೆ ನೆಗೆತ. ನಾವಿಬ್ಬರೂ ಪುರಾಣಕ್ಕೆ ಕುಳಿತವರ ಹಾಗೆ ಹೌದು ಹೌದೆಂದು ತಲೆಯಾಡಿಸುತ್ತ ತಾರ್ನಾಕಾದವರೆಗೆ ಹೋದೆವು. ಹಿಂದಿನ ಆಟೋದವನು ತೆಲುಗಿನಲ್ಲಿ ನಮ್ಮ ವಂಶದ ಬಗ್ಗೆ ಕೆಲವು ಪ್ರಶ್ನೆ ಕೇಳಿದ. ವಸುಧಾ ಹಲ್ಲು ಕಚ್ಚಿ ಹಿಡಿದಿದ್ದಳು. ಅದು ಆಟೋದವನ ಮೇಲಿನ ಸಿಟ್ಟು ಎಂದುಕೊಂಡೆ. ನಾನೋ, ಪರಮ ಸಂತೋಷದಲ್ಲಿದ್ದೆ. ಮೇಲ್ಸೇತುವೆ ಹತ್ತಿದೆವು, ಇಳಿದೆವು, ಯಾವ ವಾಸನೆಯೂ ಇಲ್ಲ. ಹೊಸ ಕ್ಲಚ್ಚು ಪಳಗುವವರೆಗೆ ನಿಧಾನವಾಗಿ ಓಡಿಸಬೇಕು ಎಂದು ಖಲೀಲ್ ಭಾಯಿ ಬೇರೆ ಹೇಳಿದ್ದ. ಅದಕ್ಕಿಂತ ಸಿಹಿಯಾದ ಮಾತನ್ನು ಆ ಕಾರು ಬಂದ ಮೇಲೆ ನಾನು ಕೇಳಿರಲಿಲ್ಲ.

ಕೆಲವು ದಿನ ನಾನು ಬಾಲ್ಕನಿಯಲ್ಲಿ ನಿಲ್ಲುವುದನ್ನೂ ಕಡಿಮೆ ಮಾಡಿದೆ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುತ್ತಾರಲ್ಲ, ಆಗ ಕಾರಿನೊಳಗೆ ಬೇರೊಂದು ವಾಸನೆ ಬಂತು. ನೀಲಗಿರಿ ಎಣ್ಣೆಯದು. ಸುಟ್ಟ ವಾಸನೆ ಅಲ್ಲವಲ್ಲ, ಯಾವುದೋ ಹೊಸ ಥರದ ಕಾರಿನ ಸುಗಂಧವಿರಬೇಕೆಂದು ಮೂಗಿಗೆ ಸಮಾಧಾನ ಹೇಳಿದೆ. ಅಷ್ಟು ವರ್ಷ ನನ್ನ ಮೂಗು ಸುಳ್ಳು ಸುಳ್ಳೇ ಕೂಗಿದಾಗೆಲ್ಲ ನಂಬಿದವನು, ಅದು ನಿಜ ಹೇಳಿದ ಒಂದು ಸಲ ನಂಬಲಿಲ್ಲ.

ಆಮೇಲೆ ಬೇರೆ ಬೇರೆ ಚಿಹ್ನೆಗಳು ಕಂಡವು. ವಸುಧಾ ದೇವರ ಮುಂದೆ ಮಣೆಯ ಬದಲು ಸ್ಟೂಲು ಹಾಕಿಕೊಂಡು ಕೂರತೊಡಗಿದಳು. ಲಿಫ್ಟು ಕೆಟ್ಟ ದಿನ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಏರಿದಳು. ಎಲ್ಲಕ್ಕಿಂತ ವಿಚಿತ್ರವೆಂದರೆ, ಸಂಜೆ ಬಂದು ಕಾಂಪೌಂಡಿನ ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿ, ಇಂಜಿನ್ನು ಆರಿಸಿ, ಅವಳು ಇಳಿಯುತ್ತಲೇ ಇರಲಿಲ್ಲ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಕಾರಿನ ಮಾಡು ಕಾಣುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯುತ್ತಿತ್ತು.

ಅಂಜುಬುರುಕನ ಮನಸ್ಸು ಇಂಥಲ್ಲಿ ಸುಮ್ಮನಿರುತ್ತದೆಯೇ? ಮೊದಲ ದಿನ ಅವಳ ಕೆಲಸ ಹೋಗಿದೆ ಎಂದುಕೊಂಡೆ. ಎರಡನೆಯ ದಿನ ಅವಳಿಗೆ ನನ್ನ ಮುಖ ನೋಡಲು ಬೇಸರವಾಗಿದೆ ಎಂದುಕೊಂಡೆ. ಅದಕ್ಕೆ ಕಾರಣಗಳನ್ನು ಹುಡುಕಬೇಕಾದ ಕಷ್ಟವೂ ಬೀಳಲಿಲ್ಲ. ಆಮೇಲೆ ಬಂದ ಯೋಚನೆ ಎಲ್ಲಕ್ಕಿಂತ ಕೆಟ್ಟದು. ಅವಳಿಗೆ ಎದೆಯಲ್ಲೋ ತಲೆಯಲ್ಲೋ ಏನೋ ಆಗಿದೆ, ವೈದ್ಯರು ಹೇಳಿದ್ದಾರೆ, ಅವಳು ಮುಚ್ಚಿಟ್ಟಿದ್ದಾಳೆ, ಕೆಳಗೆ ಒಬ್ಬಳೇ ಕುಳಿತು ಅತ್ತು ಮುಖ ಒರೆಸಿಕೊಂಡು ಮೇಲೆ ಬರುತ್ತಾಳೆ. ಈ ಯೋಚನೆ ಬಂದ ಸಂಜೆ ಗ್ಯಾಸಿಗೆ, ವೈರಿಗೆ, ಲಾರಿಗೆ ಹೆದರಿದ್ದೆಲ್ಲ ಹುಡುಗಾಟವೆನಿಸಿತು. ಇವಳಿಲ್ಲದ ಮನೆಯಲ್ಲಿ ನಾನು ಯಾರಿಗಾಗಿ ಹೆದರಲಿ? ಚಪ್ಪಲಿ ಹಾಕಿಕೊಳ್ಳುವುದೂ ನೆನಪಾಗದೆ ಬರಿಗಾಲಿನಲ್ಲಿ ಕೆಳಗಿಳಿದೆ.

ಕಾರಿನ ಬಾಗಿಲು ತೆಗೆದೆ. ನೀಲಗಿರಿ ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ವಸುಧಾ ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ತಿಕ್ಕುತ್ತಿದ್ದಳು. ನನ್ನನ್ನು ಕಂಡು ಗಡಿಬಿಡಿಯಿಂದ ಶೀಶೆಯನ್ನು ಸೆರಗಿನೊಳಗೆ ಹಾಕಿಕೊಂಡಳು.

"ಏನಾಗೈತಿ?" ಎಂದೆ.

"ಏನಾಗಿಲ್ಲ. ಮೊಳಕಾಲ ನೋಯಸ್ತೈತಿ, ಅಷ್ಟ. ಬರಿಗಾಲಾಗ ಯಾಕ ಬಂದ್ರಿ?"

"ಯಾವಾಗಿಂದ?"

ಕಾರು ಬರುವ ಮೊದಲೇ, ಬಸ್ಸಿನ ದಿನಗಳಿಂದಲೇ ಇತ್ತಂತೆ. ಗಚ್ಚಿಬೌಲಿಯಲ್ಲಿ ಡಾಕ್ಟರಿಗೂ ತೋರಿಸಿದ್ದಳಂತೆ. ಮೊಣಕಾಲಿನೊಳಗಿನ ಮೆತ್ತೆ ಸವೆದಿದೆ, ಜೋಕೆಯಾಗಿರಿ ಎಂದಿದ್ದರಂತೆ. ಹಳೆಯ ಕ್ಲಚ್ಚು ಇರುವವರೆಗೆ ಹೇಗೋ ನಡೆದಿತ್ತು. ಈ ಹೊಸದರ ಕಲ್ಲಿನಂಥ ಪೆಡಲನ್ನು ಸಿಗ್ನಲ್ಲು ಸಿಗ್ನಲ್ಲಿಗೂ ಒತ್ತಿ ಒತ್ತಿ ಮನೆ ಮುಟ್ಟುವ ಹೊತ್ತಿಗೆ ಕಾಲು ಮಡಚಲು ಬರುತ್ತಿರಲಿಲ್ಲ. ನೋವು ಇಳಿಯುವವರೆಗೆ ಕಾರಿನಲ್ಲೇ ಕುಳಿತು, ಆಮೇಲೆ ನಗುತ್ತ ಮೇಲೆ ಬರುತ್ತಿದ್ದಳು.

"ನನಗ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ನೀವು ಹೆದರತೀರಿ. ಬಸ್ಸಿಗೆ ಹೋಗು ಅಂತೀರಿ, ಇಲ್ಲಾ ಕೆಲಸಾನ ಬಿಡು ಅಂತೀರಿ. ನಿದ್ದಿ ಬಿಡತೀರಿ, ಊಟಾ ಬಿಡತೀರಿ." ಸ್ಟೀರಿಂಗಿನ ಕಡೆ ನೋಡುತ್ತ ಹೇಳಿದಳು: "ನನಗ ಮೊಳಕಾಲಿಂದು ಅಂಜಿಕಿ ಇಲ್ರೀ. ನಿಮ್ಮ ಅಂಜಿಕಿದ ಅಂಜಿಕಿ ನನಗ."

ನಾನು ಕಾರಿನ ಪಕ್ಕದಲ್ಲಿ ಬರಿಗಾಲಿನಲ್ಲಿ ನಿಂತೇ ಇದ್ದೆ. ಇಷ್ಟು ವರ್ಷ ಈ ಮನೆಯಲ್ಲಿ ಹೆದರುವವನು ನಾನೊಬ್ಬನೇ ಎಂದು ತಿಳಿದಿದ್ದೆ, ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಎಲ್ಲರ ಪಾಲಿನ ಹೆದರಿಕೆಯನ್ನು ನಾನೇ ಹೊತ್ತಿದ್ದೇನೆ, ಅವರೆಲ್ಲ ನಿಶ್ಚಿಂತೆಯಿಂದ ಇರಲಿ ಎಂಬ ಹೆಮ್ಮೆ. ಅವಳ ನೋವು ನನಗೆ ಕಾಣದಂತೆ ಮಾಡಿದ್ದು ಆ ಹೆದರಿಕೆಯೇ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು.

ಅವಳೇ ಮಾತು ಹಗುರ ಮಾಡಿದಳು. "ಮಂದಿ ಮನಿ ಮನಿಗೆ ಹೋಗಿ, ಫ್ಯೂಸಿಗೆ ದಪ್ಪ ತಂತಿ ಹಾಕಬ್ಯಾಡ್ರಿ ಅಂತ ಭಾಷಣಾ ಮಾಡಿದವರು ನೀವ ಹೌದಲ್ಲ?"

"ಹೌದು."

"ಮತ್ತ ನಮ್ಮ ಗಾಡಿಗೆ ಏನ ಹಾಕೀರಿ?"

ಮೂವತ್ತು ವರ್ಷ ಪರೀಕ್ಷಾ ವಿಭಾಗದಲ್ಲಿದ್ದವನು ಬಗ್ಗಿ ಆ ಪೆಡಲನ್ನು ನೋಡಿದೆ. ಎಲ್ಲ ಭಾಗಗಳೂ ಎರಡು ಪಟ್ಟು ಗಟ್ಟಿಯಾಗಿರಬೇಕು, ಫ್ಯೂಸು ಒಂದನ್ನು ಬಿಟ್ಟು. ಯಾವುದೋ ಒಂದು ಕಡೆ ಸ್ವಲ್ಪ ಬಿಟ್ಟುಕೊಡುವಂಥದ್ದು ಇದ್ದರೇನೇ ಉಳಿದದ್ದು ಉಳಿಯುತ್ತದೆ. ಕಾರಿನಲ್ಲಿ ಹಾಗೆ ತುಸು ಜಾರಿ, ತುಸು ಬಿಟ್ಟುಕೊಟ್ಟು ಧಕ್ಕೆಯನ್ನು ನುಂಗುವುದು ಕ್ಲಚ್ಚು. ಅದನ್ನು ಜಾರದಂತೆ ಬಿಗಿದದ್ದರಿಂದ ಧಕ್ಕೆಯೆಲ್ಲ ಮುಂದಕ್ಕೆ ಗೇರುಗಳಿಗೂ ಹಿಂದಕ್ಕೆ ಅವಳ ಮೊಣಕಾಲಿಗೂ ಹೋಗಿತ್ತು. ಬೇರೆ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಅವರಿಗೆ ನಮ್ಮಷ್ಟು ನಿಯಮ ಗೊತ್ತಿರುವುದಿಲ್ಲ.

ಮತ್ತೆ ಖಲೀಲ್ ಭಾಯಿಯ ಗ್ಯಾರೇಜು. ಈ ಸಲ ಆರಿಸಿದವಳು ವಸುಧಾ. ಅವಳು ಇಂಟರ್ನೆಟ್ಟು ಓದಲಿಲ್ಲ, ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಅಲ್ಲಿ ರಿಪೇರಿಗೆ ಬಂದ ಗಾಡಿಗಳಲ್ಲಿ ಎರಡನೆಯ ಥರದ ಕ್ಲಚ್ಚಿನದೂ ಒಂದಿತ್ತು. ಅದರೊಳಗೆ ಕುಳಿತು, ಕಣ್ಣು ಮುಚ್ಚಿ, ಎಡಗಾಲಿನಿಂದ ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದಳು, ಸಂತೆಯಲ್ಲಿ ಬದನೆಕಾಯಿ ಅಮುಕಿ ನೋಡುವ ಹಾಗೆ. "ಇದು ಆಗತೈತಿ" ಎಂದಳು. ಇಷ್ಟು ಸರಳ ಪರೀಕ್ಷೆ ನನಗೆ ಹೊಳೆದಿರಲಿಲ್ಲ. ಭಾರ ಹಾಕಿ ನೋಡುವುದು, ಬಿಸಿ ಮಾಡಿ ನೋಡುವುದು ನನಗೆ ಗೊತ್ತು; ಒತ್ತುವವರ ಕಾಲನ್ನು ಕೇಳಿ ನೋಡುವುದು ನಮ್ಮ ವಿಭಾಗದಲ್ಲಿರಲಿಲ್ಲ. ಗುರುರಾಜನೂ ಬಂದು, ಅಕ್ಕನ ಮೊಣಕಾಲಿನ ಸುದ್ದಿ ಕೇಳಿ ಮುಖ ಸಣ್ಣ ಮಾಡಿಕೊಂಡು, ಇಂಜಿನ್ನಿನ ಕಂಪ್ಯೂಟರಿನಿಂದ ಕೆಲವು ಕುದುರೆಗಳನ್ನು ವಾಪಸು ಬಿಡಿಸಿಕೊಂಡು ಹೋದ. "ಇನ್ನೂ ಸಾಕಷ್ಟು ಅದಾವ ಭಾವಾರ" ಎಂದು ಹೋಗುವಾಗ ನನ್ನನ್ನು ಹೆದರಿಸುವುದನ್ನು ಮರೆಯಲಿಲ್ಲ.

ಆದರೆ ಎಂಥ ಹಗುರ ಪೆಡಲಾದರೂ ದಿನಾಲೂ ಅವಳೊಬ್ಬಳೇ ಒತ್ತಬಾರದು ಎಂದು ಡಾಕ್ಟರು ಹೇಳಿದರು. ಈ ಸಲ ನಾನೂ ಜೊತೆಗೆ ಹೋಗಿದ್ದೆ. "ಮನೆಯಲ್ಲಿ ಬೇರೆ ಯಾರೂ ಓಡಿಸುವುದಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು. ವಸುಧಾ ನನ್ನ ಕಡೆ ನೋಡಲಿಲ್ಲ. ನೋಡಿದರೆ ನಾನು ಹೆದರುತ್ತೇನೆಂದು ಕಿಟಕಿಯ ಕಡೆ ನೋಡಿದಳು. ಅದನ್ನು ನೋಡಿ ತಡೆಯಲಾಗಲಿಲ್ಲ. "ಮೈ ಸೀಖ್ತಾ ಹೂಂ" ಎಂದುಬಿಟ್ಟೆ. ಕಲಿಯುತ್ತೇನೆ ಎಂದು ಹೇಳಿದ ನಾಲಿಗೆ ಆಮೇಲೆ ಮನೆ ತಲುಪುವವರೆಗೆ ಒಣಗಿಯೇ ಇತ್ತು.

ಹೀಗೆ ನಿವೃತ್ತಿಗೆ ಹತ್ತಿರ ಬಂದ ವಯಸ್ಸಿನಲ್ಲಿ, ಮುಂದೊಂದು ಹಿಂದೊಂದು ಕೆಂಪು ಎಲ್ ಅಂಟಿಸಿಕೊಂಡು, ಒಂದು ಭಾನುವಾರ ಬೆಳಗ್ಗೆ ನಾನು ಆ ಕಾರಿನ ಬಲಗಡೆಯ ಸೀಟಿನಲ್ಲಿ ಕುಳಿತೆ. ವಸುಧಾ ಎಡಗಡೆ, ನನ್ನ ಜಾಗದಲ್ಲಿ. ರಜೆಯಾದ್ದರಿಂದ ಕಾರ್ಖಾನೆಯ ಕಡೆಗೆ ಹೋಗುವ ರಸ್ತೆ ಖಾಲಿ ಇತ್ತು. ಎರಡು ನಾಯಿಗಳಿದ್ದವು, ಅವುಗಳಿಗೂ ನನ್ನ ಮುಖ ನೋಡಿ ಏನೋ ತಿಳಿದಿರಬೇಕು, ಎದ್ದುಹೋದವು.

"ಕ್ಲಚ್ ಪೂರ್ತಿ ಒತ್ರಿ. ಗೇರ್ ಹಾಕ್ರಿ. ಈಗ ಸಾವಕಾಶ ಬಿಡ್ರಿ. ಪೂರ್ತಿ ಬಿಡಬ್ಯಾಡ್ರಿ, ಹಾಫ್ ಕ್ಲಚ್, ಹಾಫ್ ಕ್ಲಚ್."

ಹಾಫ್ ಕ್ಲಚ್ಚು ಎಂದು ಎಲ್ಲ ಡ್ರೈವರುಗಳೂ ಹೇಳುವುದನ್ನು ಕೇಳಿದ್ದೆ. ಅದು ಏನೆಂದು ಕಾಲಿಗೆ ತಿಳಿದದ್ದು ಆಗಲೇ. ಪೆಡಲು ಮೇಲೆ ಬರುತ್ತ ಬರುತ್ತ ಒಂದು ಜಾಗ ಸಿಗುತ್ತದೆ. ಅಲ್ಲಿ ತಟ್ಟೆಗಳು ಪೂರ್ತಿ ಹಿಡಿದೂ ಇರುವುದಿಲ್ಲ, ಪೂರ್ತಿ ಬಿಟ್ಟೂ ಇರುವುದಿಲ್ಲ. ಕಾರು ಸಣ್ಣಗೆ ನಡುಗುತ್ತ, ಹೊರಡಲೇ ಎಂದು ಕೇಳುತ್ತದೆ. ನಡುಗುವುದೆಂದರೆ ಕೆಟ್ಟುಹೋಗಿದೆ ಎಂದಲ್ಲ, ಹೊರಡುವ ಮುಂಚೆ ಎಲ್ಲ ಗಾಡಿಗಳೂ ಅಷ್ಟು ನಡುಗುತ್ತವೆ ಎಂದು ವಸುಧಾ ಹೇಳಿದಳು. ನನಗೆ ಅದು ಬಹಳ ಸಮಾಧಾನದ ಮಾತೆನಿಸಿತು. ಕಾಲನ್ನು ಇನ್ನೊಂದು ಕೂದಲೆಳೆಯಷ್ಟು ಬಿಟ್ಟೆ. ತವರಿನ ಕಾರು ನನ್ನ ಮಾತು ಕೇಳಿ ಮುಂದಕ್ಕೆ ಹೊರಟಿತು.

ಎರಡನೆಯ ಗೇರು ಬಿತ್ತು. ಗಾಳಿ ಬೀಸಿತು. ಬಸ್ಸಿನ ಕಂಬ ಬಿಟ್ಟವಳ ಆ ನಗು ನನ್ನ ತುಟಿಗೂ ಬಂತೇನೋ, ಸ್ವಲ್ಪ ಜೋರಾಗಿಯೇ ಹೋದೆನೆಂದು ಕಾಣುತ್ತದೆ. ಪಕ್ಕಕ್ಕೆ ನೋಡಿದೆ. ವಸುಧಾ ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಅಂಜಬ್ಯಾಡ" ಎಂದೆ. ಹುಟ್ಟಿದಾಗಿನಿಂದ ನನಗೆ ಎಲ್ಲರೂ ಹೇಳಿದ ಮಾತು ಅದು. ನಾನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು.

"ನಾ ಎಲ್ಲಿ ಅಂಜೀನಿ? ನೀವು ಮುಂದ ನೋಡ್ರಿ."

ಮುಂದೆ ನೋಡುವ ಮೊದಲು ಅವಳ ಕಾಲಿನ ಕಡೆ ಕಣ್ಣು ಹೋಯಿತು. ಅವಳ ಬಲಗಾಲು, ಬ್ರೇಕು ಇಲ್ಲದ ಆ ಕಡೆಯ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು. ಇಷ್ಟು ವರ್ಷ ನನ್ನ ಕಾಲು ಅದನ್ನೇ ಮಾಡುವಾಗ ಅವಳು ನಕ್ಕಿದ್ದುಂಟು. ನಾನು ನಗಲಿಲ್ಲ. ಆಕ್ಸಿಲರೇಟರಿನ ಮೇಲಿನ ಕಾಲನ್ನು ಸ್ವಲ್ಪ ಸಡಿಲಿಸಿದೆ. ಕಾರು ನಿಧಾನವಾಯಿತು. ಅವಳ ಕಾಲು ಮೆಲ್ಲಗೆ ನೆಲ ಬಿಟ್ಟು ಮೇಲೆದ್ದಿತು. ಆ ಕಡೆಗೂ ಒಂದು ಬ್ರೇಕು ಇದೆ ಎಂದು ನನಗೆ ಆಗ ಗೊತ್ತಾಯಿತು.